ಜಾಲಿ ಮರದ ಮೂಲೆಗೆ ಬಿದ್ದ ಸವಾಲು

ಮರಳುಗಾಡಿನ ಊರು ಟೂಸಾನಿನ ಶನಿವಾರದ ಹಳೆ ಸಾಮಾನಿನ ಸಂತೆಯಲ್ಲಿ ನೆರಳು ಅಂತ ಇದ್ದದ್ದು ಒಂದೇ ಜಾಲಿ ಮರದ್ದು. ಮುದಿ ಮರ. ಅದರ ಒಂದು ಕೊಂಬೆ, ಮೊಣಕೈ ಊರಿ ಕೂತ ಮುದುಕನ ಹಾಗೆ, ನೆಲಕ್ಕೆ ತಾಗಿಕೊಂಡಿತ್ತು. ಅದರ ಬುಡದ ಮೂಲೆ ಅರ್ಲೀನ್ ಪ್ರೂಯಿಟ್ ಎಂಬ ಹೆಂಗಸಿನದು. ಆ ಮೂಲೆಯ ಬೆಲೆ ಏನೆಂದು ಬಿಸಿಲಲ್ಲಿ ಕೂತು ವ್ಯಾಪಾರ ಮಾಡಿದವರಿಗೇ ಗೊತ್ತು. ಮೇ ತಿಂಗಳು ಹುಟ್ಟಿತೆಂದರೆ ಉಳಿದ ಅಂಗಡಿಗಳ ಮುಂದೆ ಗಿರಾಕಿ ನಡೆಯುತ್ತಲೇ ನೋಡುತ್ತಾನೆ, ನೋಡುತ್ತಲೇ ಹೋಗಿಬಿಡುತ್ತಾನೆ. ಮರದ ಕೆಳಗೆ ಬಂದವನು ಮಾತ್ರ ನಿಂತು ಬೆವರು ಒರೆಸುತ್ತಾನೆ. ಸುಮ್ಮನೆ ನಿಲ್ಲಲು ಸಂಕೋಚವಾಗಿ ಒಂದು ಪಿಂಗಾಣಿ ಬಟ್ಟಲು ಕೈಗೆತ್ತಿಕೊಳ್ಳುತ್ತಾನೆ. ಎತ್ತಿಕೊಂಡ ಮೇಲೆ ಬೆಲೆ ಕೇಳದೆ ಇಡುವುದು ಹೇಗೆ? ಅರ್ಲೀನ್ ಎಷ್ಟೋ ಬೇಸಿಗೆ ಹಾಗೆಯೇ ಬದುಕಿದ್ದಳು.

ಆದರೆ ಆ ನೆರಳಿಗೊಂದು ಕಟ್ಟಳೆ ಇತ್ತು. ಒಳ್ಳೆಯ ಜಾಗದವರು ಬೇಗ ಮಾರಿ ಬೇಗ ಮನೆಗೆ ಹೊರಟರೆ ಸಂತೆ ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತದೆ ಅಂತ ಸಂತೆಯ ಮೇಸ್ತ್ರಿ ರೂಫಸ್ ಮಾಡಿದ್ದು. ಶನಿವಾರ ಮಧ್ಯಾಹ್ನದೊಳಗೆ ಅವನು ಒಂದು ಸುತ್ತು ಬರುತ್ತಾನೆ. ಎಷ್ಟು ಹೊತ್ತಿಗೆ ಅಂತ ಅವನ ಹೆಂಡತಿಗೂ ಹೇಳುವವನಲ್ಲ. ಅವನು ಬಂದಾಗ ಜಾಗದ ತುಂಬ ಮಾರುವ ಸಾಮಾನು ಇರಬೇಕು. ಅದೂ ಸ್ವಂತದ್ದು, ಪಕ್ಕದವರಿಂದ ಎರವಲು ತಂದು ಜೋಡಿಸಿದರೆ ನಡೆಯದು. ಖಾಲಿ ಕಂಡಿತೋ, ಬರುವ ವಾರದಿಂದ ಆ ಜಾಗ ಸರದಿಯಲ್ಲಿ ಕಾಯುತ್ತಿರುವವರಿಗೆ. ಸರದಿಯಲ್ಲಿ ಮೊದಲು ನಿಂತವನು ಡೆಲ್ಬರ್ಟ್ ಕ್ರೌಚ್. ಅವನು ಅರ್ಲೀನಳ ಎದುರು ಸಾಲಿನಲ್ಲೇ, ಉರಿಬಿಸಿಲಲ್ಲಿ, ಆ ನೆರಳನ್ನೇ ನೋಡುತ್ತಾ ಕೂರುತ್ತಿದ್ದ.

ಆ ವಾರ ಅರ್ಲೀನಳ ಮನೆಯಲ್ಲಿ ಮಾರಲು ಏನೂ ಉಳಿದಿರಲಿಲ್ಲ. ಹಿಂದಿನ ಎರಡು ಹರಾಜಿನಲ್ಲಿ ಕೈಗೆ ಏನೂ ಹತ್ತಿರಲಿಲ್ಲ. ಹೋದ ಶನಿವಾರವೇ ಒಡಕು ದೀಪ, ಒಂಟಿ ಬೂಟುಗಳನ್ನೆಲ್ಲ ಹರಡಿ ಮಾನ ಮುಚ್ಚಿಕೊಂಡಿದ್ದಳು. ಗುರುವಾರದ ಹರಾಜಿನಲ್ಲಿ ಏನಾದರೂ ಸಿಕ್ಕರೆ ಮೂಲೆ ಉಳಿಯಿತು, ಇಲ್ಲದಿದ್ದರೆ ಇಲ್ಲ.

ಹರಾಜು ಅಂದರೆ ಬಾಡಿಗೆ ಗೋದಾಮಿನದು. ಹೆದ್ದಾರಿ ಪಕ್ಕ ಉದ್ದಕ್ಕೆ ಸಾಲು ಸಾಲು ಕೋಣೆಗಳು, ಎಲ್ಲಕ್ಕೂ ಕಿತ್ತಳೆ ಬಣ್ಣದ ಶಟರು. ಮನೆ ಸಾಮಾನು ತುಂಬಿ ಬೀಗ ಹಾಕಿ ಹೋದವರು ಬಾಡಿಗೆ ಕಟ್ಟದೆ, ಬರೆದ ಕಾಗದಕ್ಕೆ ಓಗೊಡದೆ ಮಾಯವಾದರೆ, ಗೋದಾಮಿನವರು ಬೀಗ ಕತ್ತರಿಸಿ ಇದ್ದಬದ್ದದ್ದನ್ನು ಇಡಿಯಾಗಿ ಸವಾಲಿಗೆ ಹಾಕುತ್ತಾರೆ. ಹೊಸ್ತಿಲು ದಾಟುವ ಹಾಗಿಲ್ಲ, ಏನನ್ನೂ ಮುಟ್ಟುವ ಹಾಗಿಲ್ಲ. ಬಾಗಿಲಲ್ಲಿ ನಿಂತು, ಟಾರ್ಚು ಬಿಟ್ಟು, ಕತ್ತು ಎಷ್ಟು ಉದ್ದವಾಗುತ್ತೋ ಅಷ್ಟು ನೋಡಬೇಕು. ಕಂಡದ್ದು ಮುಂದಿನ ಮೂರಡಿ. ಹಿಂದಿನದ್ದಕ್ಕೆ ಕೂಗಬೇಕು.

"ಕೊನೆ ಬಾಗಿಲಿನ ಬೀಗ ನೋಡಿದೆಯಾ?" ಅಂದಳು ಒಫೀಲಿಯಾ. ಸಂತೆಯಲ್ಲಿ ತಮಾಲೆ ಎಂಬ ಜೋಳದ ಕಡುಬು ಬೇಯಿಸಿ ಮಾರುವ ಅವಳು ಅರ್ಲೀನಳ ಜೀವದ ಗೆಳತಿ. ಹರಾಜಿನ ಸಾಮಾನು ಹೊರುವ ಪಿಕಪ್ ಗಾಡಿಯೂ ಅವಳದೇ.

"ನೋಡಿದೆ. ದುಂಡಗಿನ ಉಕ್ಕಿನ ಬೀಗ. ಅಂಥಾ ಬೀಗಕ್ಕೆ ದುಡ್ಡು ಹಾಕಿದೋನು ಒಳಗೆ ಗೋಣಿ ಇಟ್ಟಿರ್ತಾನಾ?"

"ಮೆಲ್ಲಗೆ ಮಾತಾಡು, ಆ ಬೀಜ ಕಡಿಯೋನ ಕಿವಿ ಇಲ್ಲೇ ಇದೆ."

ಡೆಲ್ಬರ್ಟ್ ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗುಳುತ್ತಾ ಬಂದ. ಕತ್ತಿಗೊಂದು ಒದ್ದೆ ಟವೆಲು. "ಏನಮ್ಮಣ್ಣಿ, ಈ ಶನಿವಾರ ಏನು ಮಾರ್ತೀಯ? ಆ ಒಂಟಿ ಬೂಟಿಗೆ ಒಂಟಿ ಕಾಲಿನೋರು ಯಾರಾದ್ರೂ ಸಿಕ್ಕಿದ್ರಾ?"

"ನಿನ್ನ ಬಾಯಿಗೆ ಅಳತೆ ಸರಿಹೋಗುತ್ತೆ ಅಂತ ಇಟ್ಟಿದ್ದೀನಿ ಕಣಯ್ಯ," ಅಂದಳು ಅರ್ಲೀನ್.

ನಿಂತಿದ್ದವರೆಲ್ಲ ನಕ್ಕರು. ಅವನೂ ನಕ್ಕ.

ಮೊದಲೆರಡು ಕೋಣೆ ಬೇರೆಯವರಿಗೆ ಹೋದವು. ಮೂರನೆಯದರ ಶಟರು ಎತ್ತಿದಾಗ ಒಳಗಿಂದ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಎದುರಿಗೆ ನೆಟ್ಟಗೆ ನಿಲ್ಲಿಸಿದ ಹಳೆಯ ಹಾಸಿಗೆಗಳು, ಗೋಡೆಯಿಂದ ಗೋಡೆಗೆ, ಸೂರಿನ ತನಕ. ಕಲೆ ಬಿದ್ದವು, ಸ್ಪ್ರಿಂಗು ಕಿತ್ತವು. ಒಂದರಲ್ಲಿ ಇಲಿ ಸಂಸಾರ ಹೂಡಿ ಬಿಟ್ಟುಹೋದ ತೂತು. ಹಿಂದೆ ಏನಿದೆ ಅಂತ ಟಾರ್ಚಿಗೂ ಕಾಣಲಿಲ್ಲ. ಹಾಸಿಗೆ ಮುಂದಿದ್ದರೆ ಹಿಂದೆಯೂ ದರಿದ್ರವೇ ಅಂತ ಈ ಕಸುಬಿನವರೆಲ್ಲ ನಂಬುತ್ತಾರೆ. ಮೇಲಾಗಿ ಹಾಸಿಗೆ ಕೊಂಡವನೇ ಕಸದ ಗುಂಡಿಗೆ ಹೊತ್ತು, ಅಲ್ಲಿಯೂ ದುಡ್ಡು ಕಟ್ಟಬೇಕು. ಜನ ಹಿಂದೆ ಸರಿದರು.

"ಐವತ್ತು ಡಾಲರು," ಅಂದ ಡೆಲ್ಬರ್ಟ್.

ಅರ್ಲೀನಳ ಕಿವಿ ನಿಮಿರಿತು. ಈ ಹಾಳಿಗೆ ಇವನು ಯಾಕೆ ಕೂಗಿದ? ಆಗ ಅವಳ ತಲೆಗೆ ಒಂದು ಉಪಾಯ ಹೊಳೆಯಿತು. ಬೇಕಾದವನಿಗೆ ಸಿಗಲಿ, ಆದರೆ ಸುಲಭಕ್ಕೆ ಬೇಡ. ಇಲ್ಲೇ ಇವನ ಜೇಬು ಹಗುರ ಮಾಡಿದರೆ ಕೊನೆ ಬಾಗಿಲ ಹತ್ತಿರ ಇವನ ದನಿ ಏಳುವುದಿಲ್ಲ.

"ಎಪ್ಪತ್ತು," ಅಂದಳು.

"ನೂರು."

"ನೂರಾ ಇಪ್ಪತ್ತು."

ಹರಾಜು ಕೂಗುವವನಿಗೆ ಹುರುಪು ಬಂತು. ಹಾಸಿಗೆಗೆ ಜಗಳ ಹತ್ತಿದ್ದು ಅವನು ಕಂಡದ್ದೇ ಇಲ್ಲವೋ ಏನೋ. "ನೂರಿಪ್ಪತ್ತು, ನೂರಿಪ್ಪತ್ತು, ಯಾರು ನೂರೈವತ್ತು, ಅಗೋ ಅಣ್ಣ ತಲೆ ಆಡಿಸಿದ, ನೂರೈವತ್ತು, ಅಕ್ಕ ಬಿಡ್ತಾರಾ, ಅಕ್ಕ ಬಿಡಲ್ಲ, ನೂರೆಂಬತ್ತು!" ಅವನ ನಾಲಗೆ ಓಡಿದ ಹಾಗೆ ಅರ್ಲೀನಳ ನೆತ್ತರೂ ಓಡಿತು. ಸವಾಲಿನ ಅಮಲು ಹೆಂಡಕ್ಕಿಂತ ಕೆಟ್ಟದ್ದು. ಒಫೀಲಿಯಾ ಸೊಂಟ ಚಿವುಟಿದಳು. ಅರ್ಲೀನಳಿಗೆ ಅದು ಸೊಳ್ಳೆ ಕಡಿದಷ್ಟೂ ತಾಗಲಿಲ್ಲ. ಇನ್ನೂರು. ಇನ್ನೂರಿಪ್ಪತ್ತು. ಡೆಲ್ಬರ್ಟ್ ಹಣೆಯಿಂದ ಬೆವರು ಇಳಿಯುತ್ತಿತ್ತು, ಅದನ್ನು ನೋಡಿಯೇ ಅವಳಿಗೆ ತಂಪು. ಇನ್ನೂರೈವತ್ತು ಅಂದ ಅವನು. ಇನ್ನೊಂದೇ ಸಲ, ಇನ್ನೊಂದು ಸಲ ಹಿಂಡಿ ಬಿಟ್ಟುಬಿಡ್ತೀನಿ ಅಂದುಕೊಂಡು, "ಇನ್ನೂರ ತೊಂಬತ್ತು!" ಅಂತ ಕೂಗಿದಳು.

ಡೆಲ್ಬರ್ಟ್ ಬಾಯಿಗೆ ಹಿಡಿ ಬೀಜ ಹಾಕಿಕೊಂಡ. ಟವೆಲಿನಿಂದ ಮುಖ ಒರೆಸಿದ. ಆಮೇಲೆ ಎರಡು ಕೈಯೂ ಎದೆಗೆ ಕಟ್ಟಿಕೊಂಡು ಆಕಾಶ ನೋಡಿದ.

"ಒಂದು ಸಲ! ಎರಡು ಸಲ!"

"ಏನಯ್ಯ, ಕೂಗಲ್ವಾ?" ಅಂದಳು ಅರ್ಲೀನ್, ದನಿ ತೆಳ್ಳಗಾಗಿತ್ತು.

"ನಂಗ್ಯಾಕಮ್ಮಣ್ಣಿ ಇಲಿ ಹಾಸಿಗೆ? ನಿನ್ನ ಪರ್ಸು ಎಷ್ಟು ಆಳ ಅಂತ ನೋಡ್ತಿದ್ದೆ, ಅಷ್ಟೆ."

"ಮೂರು ಸಲ! ಅಕ್ಕನ ಪಾಲು!"

ಇಬ್ಬರೂ ಒಂದೇ ಗುಂಡಿ ತೋಡಿದ್ದರು. ಬಿದ್ದವಳು ಅವಳೊಬ್ಬಳು. ಪರ್ಸಿನಲ್ಲಿ ಮುನ್ನೂರು ಇತ್ತು, ಉಳಿದದ್ದು ಹತ್ತು. ಕೊನೆಯ ಬಾಗಿಲಿನ ಉಕ್ಕಿನ ಬೀಗ ಕತ್ತರಿಸುವಾಗ ಅವಳು ಎಲ್ಲರ ಬೆನ್ನ ಹಿಂದೆ ನಿಂತು ಇಣುಕಿದಳು. ಒಳಗೆ ಬಟ್ಟೆ ಹೊದಿಸಿ ನೀಟಾಗಿ ಇಟ್ಟ ಸಾಮಾನು, ಪೆಟ್ಟಿಗೆಗಳು, ನಡುವೆ ಓಕ್ ಮರದ ಊಟದ ಮೇಜು, ಸಿಂಹದ ಪಾದ ಕೆತ್ತಿದ ಕಾಲು, ಸುತ್ತ ಆರು ಕುರ್ಚಿ. ಡೆಲ್ಬರ್ಟ್ ಅದನ್ನು ನಾನೂರಕ್ಕೆ ಎತ್ತಿಕೊಂಡ. ಎದುರು ಕೂಗಲು ದಮ್ಮಿದ್ದವರು ಯಾರೂ ಇರಲಿಲ್ಲ.

"ಶನಿವಾರ ಸಿಗೋಣ," ಅಂದ ಅವನು ಹೋಗುತ್ತಾ. "ಮರದ ಕೆಳಗೆ ನೀರು ಚಿಮುಕಿಸಿ ಇಡು. ಧೂಳು ನಂಗಾಗಲ್ಲ."

ಒಫೀಲಿಯಾ ಬೈಯಲಿಲ್ಲ. ಅದೇ ಅರ್ಲೀನಳಿಗೆ ಕಷ್ಟವಾಯಿತು. "ಬೈಯೇ, ಏನಾದ್ರೂ ಬೈದುಬಿಡು," ಅಂದಳು.

"ಬೈಗುಳ ಆಮೇಲೆ. ಮೊದಲು ಹಾಸಿಗೆ ಹಿಡಿ."

ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಾಸಿಗೆ ಎಳೆದರು. ಧೂಳು ಮೋಡವಾಗಿ ಎದ್ದಿತು. ಒಂದನ್ನು ಎಳೆದರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಅರ್ಲೀನ್ ಮನಸ್ಸಿನಲ್ಲೇ ಮೂಲೆಗೆ ವಿದಾಯ ಹೇಳಿಯಾಗಿತ್ತು. ಕೊನೆಯ ಹಾಸಿಗೆ ದೊಪ್ಪನೆ ಬಿದ್ದಾಗ ಎದುರಿಗೆ ಕಂಡದ್ದು ಕಂದು ಕಾಗದದ ಕಟ್ಟುಗಳು. ಚಪ್ಪಟೆ, ಚೌಕ, ಒಂದರ ಮೇಲೊಂದು, ಕೋಣೆಯ ಕೊನೆಯ ತನಕ, ಇಟ್ಟಿಗೆ ಗೂಡಿನ ಹಾಗೆ.

ಒಫೀಲಿಯಾ ಒಂದನ್ನು ಉಗುರಿನಿಂದ ಹರಿದಳು. ಒಳಗಿಂದ ಹಳದಿ ಎಳೆಗಳು ಇಣುಕಿದವು, ಒಣ ಮರದ ಘಮ ಬಂತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಕೂಲರಿನ ಪ್ಯಾಡು," ಅಂದಳು ಅರ್ಲೀನ್, ದೇವರ ಹೆಸರು ಹೇಳುವ ಹಾಗೆ.

"ಇದು ಯಾವ ತಿಂಗಳೇ?"

"ಮೇ!"

"ಯಾವ ಊರೇ?"

"ಟೂಸಾನ್ ಕಣೇ!"

ಒಫೀಲಿಯಾ ಕಿರುಚಿದ ಸದ್ದಿಗೆ ಗೋದಾಮಿನ ಕಾವಲುಗಾರ ಹಾವು ಕಚ್ಚಿತೆಂದು ಓಡಿ ಬಂದ. ಆ ಊರಿನಲ್ಲಿ ಮೇ ತಿಂಗಳೆಂದರೆ ಮನೆ ಮನೆಯ ಮಾಳಿಗೆಯ ಮೇಲೂ ಒಬ್ಬ ಗಂಡಸು ಕೂಲರು ಬಿಚ್ಚಿಕೊಂಡು ಶಾಪ ಹಾಕುತ್ತಿರುತ್ತಾನೆ. ನೀರು ಹೀರುವ ಹಳೆ ಪ್ಯಾಡು ತೆಗೆದು ಹೊಸದು ಹಾಕದೆ ಕೂಲರು ತಣ್ಣನೆ ಗಾಳಿ ಕೊಡದು. ಕೂಲರಿಲ್ಲದೆ ಜೂನು ದಾಟಲಾಗದು. ಆ ಕೋಣೆ, ಕೂಲರು ರಿಪೇರಿ ಮಾಡುವ ಯಾವನೋ ಒಬ್ಬನದಾಗಿತ್ತು. ಪಂಪು, ಬೆಲ್ಟು ತುಂಬಿದ ಡಬ್ಬಗಳೂ ಸಿಕ್ಕವು. ಅವನ ಮದುವೆಯ ಫೋಟೋ ಇದ್ದ ಒಂದು ಪೆಟ್ಟಿಗೆಯನ್ನು ಅರ್ಲೀನ್ ಒರೆಸಿ ಗೋದಾಮಿನ ಕಛೇರಿಗೆ ಕೊಟ್ಟಳು. ಅಂಥದ್ದನ್ನು ಯಾರೂ ಮಾರಿಕೊಳ್ಳುವುದಿಲ್ಲ.

ಶನಿವಾರ ಹೊತ್ತು ಮೂಡುವ ಮೊದಲೇ ಜಾಲಿ ಮರದ ಕೆಳಗೆ ಪ್ಯಾಡುಗಳ ಗೋಪುರ ಎದ್ದಿತ್ತು. ಅಂಗಡಿಯಲ್ಲಿ ಕೊಡುವುದರ ಅರ್ಧ ಬೆಲೆ. ಮೊದಲು ಒಬ್ಬ ಮುದುಕ ಬಂದ, ನಾಲ್ಕು ತಗೊಂಡ. ಅವನು ಹೋಗಿ ಯಾರಿಗೆ ಹೇಳಿದನೋ, ಬಿಸಿಲು ಏರುವಷ್ಟರಲ್ಲಿ ಸಾಲು ಡೆಲ್ಬರ್ಟನ ಅಂಗಡಿ ದಾಟಿ ಹೋಗಿತ್ತು. ಜನ ಅವನ ಓಕ್ ಮೇಜಿಗೆ ಬೆನ್ನು ಕೊಟ್ಟು ನಿಂತಿದ್ದರು.

"ಸ್ವಲ್ಪ ಸರಕೊಂಡು ನಿಲ್ರಿ, ನಾನೂ ಬದುಕ್ಬೇಕು!" ಅಂತ ಅವನು ಕೂಗುತ್ತಿದ್ದ.

"ನಿಮ್ಮ ಹತ್ರ ಕೂಲರ್ ಪ್ಯಾಡಿದೆಯಾ?"

"ಇಲ್ಲ, ಒಳ್ಳೇ ಓಕ್ ಮೇಜು..."

"ಮೇಜು ಗಾಳಿ ಬೀಸುತ್ತಾ?"

ಅರ್ಲೀನ್ ಹಾರುತ್ತಿದ್ದಳು. ಒಂದು ಕೈ ಕೊಡುತ್ತಿತ್ತು, ಒಂದು ಕೈ ನೋಟು ಮಡಚಿ ಸೊಂಟದ ಚೀಲಕ್ಕೆ ತುರುಕುತ್ತಿತ್ತು. ನಗುತ್ತಿದ್ದಳು, ಹಾಡುತ್ತಿದ್ದಳು, ಗೊತ್ತಿಲ್ಲದವರ ಬೆನ್ನು ತಟ್ಟುತ್ತಿದ್ದಳು. ಒಫೀಲಿಯಾ ತಮಾಲೆ ಗಾಡಿ ಬಿಟ್ಟು ಓಡಿಬಂದು ತೋಳು ಹಿಡಿದು ಅಲ್ಲಾಡಿಸಿದಳು.

"ನಿಲ್ಲಿಸೇ! ಮಾರೋದು ನಿಲ್ಲಿಸು! ಹಿಂದೆ ತಿರುಗಿ ನೋಡು!"

ಅರ್ಲೀನ್ ತಿರುಗಿದಳು. ಗೋಪುರ ಇದ್ದಲ್ಲಿ ನೆಲ ಕಾಣುತ್ತಿತ್ತು. ಪಂಪೂ ಇಲ್ಲ, ಬೆಲ್ಟೂ ಇಲ್ಲ. ಕೊನೆಯ ಎರಡು ಪ್ಯಾಡನ್ನು ಒಬ್ಬಳು ಎದೆಗವಚಿಕೊಂಡು ದುಡ್ಡು ಚಾಚುತ್ತಿದ್ದಳು. ಬೇಡ ಅನ್ನಬೇಕು ಅಂತ ಅರ್ಲೀನಳ ಬುದ್ಧಿ ಹೇಳಿತು. ಆ ಹೊತ್ತಿಗೆ ಕೈ ದುಡ್ಡು ತಗೊಂಡಾಗಿತ್ತು.

"ರೂಫಸ್ ಬಂದು ಹೋದನಾ?"

"ಎಲ್ಲಿ ಬಂದ? ಆ ತುದಿಯಲ್ಲಿ ಹಕ್ಕಿ ಮಾರೋನ ಹತ್ರ ಹರಟೆ ಹೊಡೀತಿದಾನೆ. ಅಲ್ಲಿಂದ ನೇರ ಇಲ್ಲಿಗೇ."

ಮೂಲೆ ಬೋಳಾಗಿತ್ತು. ಅಷ್ಟು ಹೊತ್ತೂ ಗೊಣಗುತ್ತಿದ್ದ ಡೆಲ್ಬರ್ಟ್ ಈಗ ಎದ್ದ. ಮಡಚುವ ಕುರ್ಚಿ ಎತ್ತಿಕೊಂಡು ಬಂದು, ನೆರಳು ಎಲ್ಲಿ ಶುರುವಾಗುತ್ತೋ ಆ ಗೆರೆಯ ಮೇಲೆ ಸರಿಯಾಗಿ ಹಾಕಿ ಕೂತ. ಮುಂಗಾಲು ಮಾತ್ರ ನೆರಳಿಗೆ ಚಾಚಿದ.

"ಆಹಾ, ತಣ್ಣಗಿದೆ," ಅಂದ.

ಅರ್ಲೀನ್ ಸುತ್ತ ನೋಡಿದಳು. ಎರವಲು ತರುವ ಹಾಗಿಲ್ಲ, ಕೊಳ್ಳಬೇಕು. ಹತ್ತಿರದಲ್ಲಿ ಒಂದು ಜಾಗ ತುಂಬುವಷ್ಟು ಸಾಮಾನು ಇದ್ದದ್ದು ಒಬ್ಬನ ಹತ್ತಿರವೇ. ಅವಳು ನೆಟ್ಟಗೆ ಹೋಗಿ ಓಕ್ ಮೇಜಿನ ಮೇಲೆ ಕೈಯಿಟ್ಟಳು. ಬಿಸಿಲಿಗೆ ಅದು ಹೆಂಚಿನ ಹಾಗೆ ಸುಡುತ್ತಿತ್ತು.

"ಏನು ಬೆಲೆ?"

"ನಿನಗೆ ಮಾರಲ್ಲ," ಅಂದ ಡೆಲ್ಬರ್ಟ್ ಕೂತಲ್ಲಿಂದಲೇ.

"ಇನ್ನೂರು."

"ಮಾರಲ್ಲ ಅಂದೆ."

"ಬೆಳಗ್ಗಿಂದ ಯಾರು ಕೇಳಿದ್ರು ಇದನ್ನ? ಸಂಜೆ ಗಾಡಿಗೆ ಯಾರು ಎತ್ತಿಕೊಡ್ತಾರೆ ನಿನಗೆ? ನಿನ್ನ ಸೊಂಟಾನಾ?"

ಡೆಲ್ಬರ್ಟ್ ಅರಿವಿಲ್ಲದೆ ಸೊಂಟ ಮುಟ್ಟಿಕೊಂಡ. ಬೆಳಿಗ್ಗೆ ಇಳಿಸುವಾಗಲೇ ಅದು ಕಟಕ್ ಅಂದಿತ್ತು.

"ಇನ್ನೂರೈವತ್ತು. ಆರು ಕುರ್ಚಿ ಸೇರಿ. ನಗದು." ಅವಳು ಚೀಲದಿಂದ ನೋಟು ತೆಗೆದು ಬಿಸಿಲಿಗೆ ಬೀಸಣಿಗೆ ಹಾಗೆ ಹಿಡಿದಳು. ಪ್ಯಾಡಿನ ದುಡ್ಡು, ಬೆವರಿನ ವಾಸನೆ ಇನ್ನೂ ಹೋಗಿರಲಿಲ್ಲ.

ಡೆಲ್ಬರ್ಟ್ ಎದ್ದು ನಿಂತ. ಅವನಿಗೆ ಎಲ್ಲ ಗೊತ್ತಿತ್ತು. ಅವಳು ಯಾಕೆ ಕೊಳ್ಳುತ್ತಿದ್ದಾಳೆ, ಮಾರಿದರೆ ಏನಾಗುತ್ತೆ, ಬಿಸಿಲಿನ ಸಾಲಿನಲ್ಲಿ ಇನ್ನೆಷ್ಟು ಬೇಸಿಗೆ ಕೂರಬೇಕಾಗುತ್ತೆ, ಎಲ್ಲ. ಆದರೆ ಹುಟ್ಟಾ ವ್ಯಾಪಾರಿ. ಎದುರಿಗೆ ನೋಟು ಬೀಸುವವರಿಗೆ ಇಲ್ಲ ಅಂದು ಅಭ್ಯಾಸವಿಲ್ಲ.

"ಮುನ್ನೂರು," ಅಂತ ಬಾಯಿ ತಾನೇ ಹೇಳಿಬಿಟ್ಟಿತು.

"ಕೊಟ್ಟೆ! ಒಫೀಲಿಯಾ, ಆ ಕಡೆ ಹಿಡಿ!"

"ಅಯ್ಯೋ, ತಡಿ, ತಡಿ..." ಅಂದ ಅವನು. ನೋಟು ಕೈಯಲ್ಲಿ ಬಿದ್ದಾಗಿತ್ತು, ಹೆಬ್ಬೆರಳು ಎಣಿಸುತ್ತಿತ್ತು.

ಸಿಂಹದ ಕಾಲುಗಳು ಧೂಳಿನಲ್ಲಿ ಗೆರೆ ಎಳೆಯುತ್ತಾ ಮರದ ಕೆಳಗೆ ಬಂದವು. ಆರು ಕುರ್ಚಿ ಸುತ್ತ ಕೂತವು. ಮೂಲೆ ತುಂಬಿ ಮದುವೆ ಮನೆಯ ಹಾಗಾಯಿತು. ಅರ್ಲೀನ್ ಇನ್ನೂ ಉಸಿರು ತೆಗೆದುಕೊಳ್ಳುತ್ತಿದ್ದಳು, ಅಷ್ಟರಲ್ಲಿ ಹೂವಿನ ಗೌನಿನ ಒಬ್ಬ ದಪ್ಪ ಹೆಂಗಸು ನೆರಳಿಗೆ ಬಂದು ಬೆವರು ಒರೆಸಿಕೊಂಡಳು. ಮೇಜಿನ ಮೇಲೆ ಬೆರಳಾಡಿಸಿದಳು.

"ಎಷ್ಟು ಇದಕ್ಕೆ?"

"ಸ್ವಲ್ಪ ಹೊತ್ತು ಬಿಟ್ಟು ಹೇಳ್ತೀನಮ್ಮ," ಅಂದಳು ಅರ್ಲೀನ್.

"ಅದ್ಯಾಕೆ? ಮುನ್ನೂರೈವತ್ತು ಕೊಡ್ತೀನಿ."

ಅರ್ಲೀನ್ ರೂಫಸ್ ಇದ್ದ ತುದಿಯ ಕಡೆ ಕಣ್ಣು ಹಾಯಿಸಿದಳು. "ಈಗ ಮಾರಕ್ಕಾಗಲ್ಲ."

ಹೆಂಗಸು ಅದನ್ನು ಚೌಕಾಶಿಯೆಂದೇ ತಿಳಿದಳು. "ನಾನೂರು. ನಮ್ಮನೆಯೋರು ಟ್ರಕ್ಕು ಸ್ಟಾರ್ಟ್ ಮಾಡಿಕೊಂಡು ಕಾಯ್ತಿದಾರೆ."

ಡೆಲ್ಬರ್ಟ್ ಮುಂದಕ್ಕೆ ಜಿಗಿದ. ಅವನ ಎದೆಯಲ್ಲಿ ಎರಡು ಬೆಂಕಿ. ತಾನು ಮುನ್ನೂರಕ್ಕೆ ಕೊಟ್ಟದ್ದು ಕಣ್ಣೆದುರೇ ಏರುತ್ತಿದೆ, ಅದೊಂದು. ಇವಳು ಈಗ ಮಾರಿದರೆ ಮೂಲೆ ಮತ್ತೆ ಖಾಲಿಯಾಗಿ ತನ್ನದಾಗುತ್ತೆ, ಅದಿನ್ನೊಂದು. "ಮಾರೇ ತಾಯಿ! ನೂರು ಡಾಲರ್ ಲಾಭ! ಯಾರಾದ್ರೂ ಬಿಡ್ತಾರಾ? ನಿನಗೆ ಕೈ ಮುಗೀತೀನಿ, ಮಾರು!"

"ನಾನೂರೈವತ್ತು," ಅಂದಳು ಹೆಂಗಸು, ಅವನ ಉತ್ಸಾಹ ನೋಡಿ.

ದೂರದಲ್ಲಿ ರೂಫಸನ ಹುಲ್ಲಿನ ಟೋಪಿ ಜನರ ತಲೆಗಳ ನಡುವೆ ತೇಲುತ್ತಾ ಬರುತ್ತಿತ್ತು. ನಿಂತಿತು. ಯಾರದೋ ಕಲ್ಲಂಗಡಿ ತಟ್ಟಿ ನೋಡುತ್ತಿದ್ದ ಪುಣ್ಯಾತ್ಮ.

ಅರ್ಲೀನ್ ಮೇಜಿನ ಮೇಲೆ ಹತ್ತಿ ಕೂತಳು. ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಕೊಂಡಳು, ಅವು ತಾವಾಗಿ ಎದ್ದು ದುಡ್ಡು ತಗೊಂಡುಬಿಟ್ಟಾವು ಅಂತ.

"ಐನೂರು! ಕೊನೆ ಮಾತು. ಈಗಲೇ ಎತ್ತಿಸಿ ಕೊಡ್ಬೇಕು."

ಅರ್ಲೀನ್ ಕಣ್ಣು ಮುಚ್ಚಿ ತಲೆ ಅಡ್ಡಡ್ಡ ಆಡಿಸಿದಳು. ಗೇಟಿನ ಕಡೆಯಿಂದ ಟ್ರಕ್ಕಿನ ಹಾರನ್ನು ಉದ್ದಕ್ಕೆ ಕೂಗಿತು. "ತಲೆ ಕೆಟ್ಟವರ ಸಂತೆ ಇದು," ಅಂತ ಹೆಂಗಸು ಗೌನು ಕೊಡವಿ ನಡೆದಳು. ಡೆಲ್ಬರ್ಟ್ ಟವೆಲನ್ನು ನೆಲಕ್ಕೆ ಬಡಿದ.

ರೂಫಸ್ ಬಂದ. ತಮಾಲೆ ಜಗಿಯುತ್ತಾ ನಿಂತು ಮೇಜು ನೋಡಿದ, ಕುರ್ಚಿ ನೋಡಿದ, ಮೇಲೆ ಕೂತವಳನ್ನು ನೋಡಿದ.

"ನಿಂದೇನಾ?"

"ನಂದೇ. ದುಡ್ಡು ಕೊಟ್ಟು ತಗೊಂಡಿದ್ದು. ಅವನನ್ನೇ ಕೇಳು."

ರೂಫಸ್ ಡೆಲ್ಬರ್ಟನ ಕಡೆ ತಿರುಗಿದ. ಡೆಲ್ಬರ್ಟನ ಅಂಗಿ ಜೇಬಿನಿಂದ ಮುನ್ನೂರು ಡಾಲರು ಕತ್ತು ಚಾಚಿ ನೋಡುತ್ತಿತ್ತು.

"ಅವಳದೇ," ಅಂದ ಡೆಲ್ಬರ್ಟ್, ಸಿಪ್ಪೆ ಗಂಟಲಿಗೆ ಸಿಕ್ಕವನ ಹಾಗೆ.

"ಚೆನ್ನಾಗಿ ತುಂಬಿದೆ," ಅಂದು ರೂಫಸ್ ಮುಂದಕ್ಕೆ ಹೋದ.

ಅವನ ಬೆನ್ನು ತಿರುಗಿತೋ ಇಲ್ಲವೋ, ಅರ್ಲೀನ್ ಮೇಜಿನಿಂದ ಹಾರಿ ಓಡಿದಳು. ಉರಿಬಿಸಿಲಲ್ಲಿ, ಅಂಗಡಿಗಳ ನಡುವೆ, ಒಬ್ಬನ ಸೈಕಲ್ಲು ದಾಟಿ, ಇನ್ನೊಬ್ಬನ ಕೋಳಿ ಪಂಜರ ದಾಟಿ ಓಡಿದಳು. "ಅಮ್ಮಾ! ಹೂವಿನ ಗೌನಮ್ಮಾ! ನಿಲ್ರೀ!"

ಟ್ರಕ್ಕು ಗೇಟಿನ ಸಾಲಿನಲ್ಲಿ ಸಿಕ್ಕಿಕೊಂಡು ಗುರುಗುಡುತ್ತಿತ್ತು. ಅರ್ಲೀನ್ ಬಾಗಿಲಿಗೆ ಎರಡೂ ಕೈ ಬಡಿದಳು. ಗಾಜು ಮೆಲ್ಲಗೆ ಇಳಿಯಿತು.

"ಐನೂರು ಅಂದ್ರಲ್ಲ," ಅಂದಳು ಏದುಸಿರು ಬಿಡುತ್ತಾ. "ಕೊಟ್ಟೆ. ಈಗ ಕೊಟ್ಟೆ."

ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕೆಂಪಾದ ಮುಖ ನೋಡಿದಳು, ಓಡಿ ಬಂದ ದೂರ ನೋಡಿದಳು.

"ಮುನ್ನೂರು," ಅಂದಳು.

ಅರ್ಲೀನ್ ಗಟ್ಟಿಯಾಗಿ ನಕ್ಕುಬಿಟ್ಟಳು. ಹಣೆಯ ಬೆವರು ಒರೆಸಿಕೊಂಡು, ಟ್ರಕ್ಕಿನ ಬಾಗಿಲಿಗೆ ಮೊಣಕೈ ಊರಿ, ಆರಾಮಾಗಿ ನಿಂತಳು.

"ಬಿಸಿಲಲ್ಲಿ ಯಾಕಮ್ಮ ಈ ಮಾತು? ಬನ್ನಿ, ಮರದ ಕೆಳಗೆ ಕೂತು ಮಾತಾಡೋಣ."